ಟೊಮೇಟೊ ಕ್ಯಾಪ್ಸೂಲಿಗೆ ಎರಡೇ ಸ್ಟಾರ್

ಅಪ್ಪನ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ರಕ್ತಪರೀಕ್ಷೆ) ಜಾಸ್ತಿ ಬಂದಾಗ ಗಾಬರಿಯಲ್ಲಿ ತರಿಸಿದ್ದು ಈ ಲೈಕೊಪೀನ್ ಡಬ್ಬಿ. 60 ಕ್ಯಾಪ್ಸೂಲಿಗೆ 899 ರೂಪಾಯಿ. ‘ಪ್ರಾಸ್ಟೇಟ್ ರಕ್ಷಕ’ ಅಂತ ದಪ್ಪ ಅಕ್ಷರ. ಎಷ್ಟು ಮಿಲಿಗ್ರಾಂ ಅನ್ನುವುದು ಮಾತ್ರ ಭೂತಗನ್ನಡಿಗೂ ಕಾಣುವುದಿಲ್ಲ.

ಲೈಕೊಪೀನ್ ಅಂದರೆ ಟೊಮೇಟೊಗೆ ಕೆಂಪು ಕೊಡುವ ವಸ್ತು. ಎಣ್ಣೆಯಲ್ಲಿ ಬೇಯಿಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಅಮ್ಮನ ಗೊಜ್ಜಿನಲ್ಲೇ ಸಿಗುತ್ತದೆ, ಅಲ್ವಾ? ಕ್ಯಾನ್ಸರ್ ತಡೆಯುತ್ತದೆ ಅನ್ನುವುದು ಇನ್ನೂ ಸಾಬೀತಾಗಿಲ್ಲ.

ಡಾಕ್ಟರು ಡಬ್ಬಿ ತಿರುಗಿಸಿ ನೋಡಿ ನಕ್ಕರು. “ಗಿಡದಿಂದ ಬಂದ ಔಷಧಿ ಅಂದರೆ ಡೋಸಿಟ್ಯಾಕ್ಸೆಲ್. ಯೂ ಮರದ ಎಲೆಯಿಂದ ಬಂದದ್ದು. ಅಮೆರಿಕದಲ್ಲಿ 2004ರಲ್ಲೇ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಡ್ರಿಪ್ಪಿನಲ್ಲಿ ಕೊಡುತ್ತೇವೆ, ಸುಮ್ನೆ ನುಂಗುವುದಲ್ಲ. ನಿಮಗೀಗ ಅದೂ ಬೇಡ, ಮೊದಲು ಬಯಾಪ್ಸಿ ಮಾಡಿಸಿ.”

ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ, ಸದ್ಯ.

ಎರಡು ಸ್ಟಾರ್ ಡಬ್ಬಿಗೆ. ಮುಚ್ಚಳ ಬಿಗಿಯಾಗಿದೆ. ಅಮ್ಮ ಈಗ ಅದರಲ್ಲಿ ಏಲಕ್ಕಿ ತುಂಬಿಟ್ಟಿದ್ದಾರೆ.