ಪಿಂಕ್ ಫ್ಲಾಯ್ಡ್ ಕೇಳೋಕೆ ಪೆನ್‌ಡ್ರೈವ್, ಮೊಬೈಲ್, ಸಿಡಿ: ನನ್ನ ಓಟು ಸಿಡಿಗೆ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಕೇಳಬೇಕಂದ್ರೆ ಸಿಡಿನೇ ತಗೊಳ್ಳಿ. ಪೆನ್‌ಡ್ರೈವ್ ಹಾಕುವ ಸ್ಪೀಕರಿಗೆ 1,800 ರೂಪಾಯಿ ಕೊಟ್ಟು, ಒಂದು ತಿಂಗಳು ಒದ್ದಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಅವರ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಆಲ್ಬಮ್ಮಿನ ಸಿಡಿ ನನ್ನ ಹತ್ತಿರ ಮೊದಲೇ ಇತ್ತು. ಅದನ್ನೇ ಎಂಪಿ3 ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡೆ. ಬಳ್ಳಾರಿಯ ಬಿಸಿಲು ಇಳಿದ ಮೇಲೆ, ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿ ಹಚ್ಚಿದೆ. ಎದೆಬಡಿತ, ಗಡಿಯಾರದ ಟಿಕ್‌ಟಿಕ್, ನಗು, ಎಲ್ಲಾ ಒಂದರ ಮೇಲೊಂದು ಏರುತ್ತವೆ. ಕೊನೆಗೊಂದು ಕಿರುಚಾಟ. ಅದು ನೇರ ಎರಡನೇ ಹಾಡಿನೊಳಗೆ ಹೋಗಿ ಬೀಳಬೇಕು. ಅಷ್ಟರಲ್ಲಿ ಕಟ್! ಒಂದು ಕ್ಷಣ ಮೌನ. ಆಮೇಲೆ ಹಾಡು.

ಎಂಪಿ3 ಮಾಡುವಾಗ ಪ್ರತಿ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಕೊಳ್ಳುತ್ತದೆ. ಒಳ್ಳೆ ಪ್ಲೇಯರ್ ಅದನ್ನು ಬಿಟ್ಟು ನುಡಿಸುತ್ತದೆ. ನನ್ನ ಸ್ಪೀಕರ್ ಅದನ್ನೂ ನುಡಿಸುತ್ತಿತ್ತು. ಮುಂದಿನ ಫೈಲ್ ತೆರೆಯೋಕೆ ಇನ್ನಷ್ಟು ಹೊತ್ತು ಬೇರೆ. ಕೊನೆಯ ಎರಡು ಹಾಡುಗಳ ನಡುವೆಯೂ ಇದೇ ಗೋಳು.

ಬೇರೆ ಬ್ಯಾಂಡ್ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಪಿಂಕ್ ಫ್ಲಾಯ್ಡ್ ಪ್ರೋಗ್ರೆಸಿವ್ ರಾಕ್ (ಉದ್ದನೆಯ, ಜಟಿಲ ಹಾಡು ಕಟ್ಟುವ ರಾಕ್ ಶೈಲಿ) ಹೌದೋ ಅಲ್ಲವೋ ಅಂತ ಜಗಳ ಇದೆಯಲ್ಲ, ನನ್ನ ಪ್ರಕಾರ ಉತ್ತರ ಈ ಜೋಡಣೆಯಲ್ಲೇ ಇದೆ. ಕೈಚಳಕ, ಮಾತುಮಾತಿಗೆ ಬದಲಾಗುವ ಲಯ ಬೇಕಂದ್ರೆ ಯೆಸ್ ಬ್ಯಾಂಡ್ ಕೇಳಿ. ಪಿಂಕ್ ಫ್ಲಾಯ್ಡ್‌ನವರದು ನಿಧಾನ. ಆದರೆ ಇಡೀ ಆಲ್ಬಮ್ಮನ್ನು ಒಂದೇ ಹಾಡಿನಂತೆ ಕಟ್ಟುತ್ತಾರೆ. 1971ರ 'ಎಕೋಸ್' 23 ನಿಮಿಷ ದಾಟುತ್ತದೆ, ಎಲ್‌ಪಿಯ (ದೊಡ್ಡ ಗ್ರಾಮಫೋನ್ ತಟ್ಟೆಯ) ಒಂದು ಮಗ್ಗುಲು ಪೂರ್ತಿ ಅದೇ. 'ಮನಿ' ಹಾಡಿಗೆ ಹಿಂದೂಸ್ತಾನಿಯ ರೂಪಕ್ ತಾಳದ ಹಾಗೆ 7ರ ಎಣಿಕೆ, ಗಿಟಾರ್ ಸೋಲೋ ಬಂದಾಗ 4ಕ್ಕೆ ಬದಲಾಗುತ್ತದೆ. ನಿಧಾನದ ವಿಲಂಬಿತದಿಂದ ವೇಗದ ದ್ರುತ್‌ಗೆ ಹೋಗುವ ಹೊತ್ತಲ್ಲಿ ಯಾರೋ ಸೌಂಡ್ ಆಫ್ ಮಾಡಿದರೆ ಹೇಗಾಗುತ್ತದೆ? ನನಗೆ ಹಾಗೇ ಆಯಿತು.

ಮೊಬೈಲ್ ಆ್ಯಪ್ ಪರವಾಗಿಲ್ಲ, ಹಾಡುಗಳು ಕೂಡಿಕೊಂಡೇ ಬರುತ್ತವೆ. ಆದರೆ ಪುಕ್ಕಟೆಯಾಗಿ ಕೇಳಿದರೆ ನಡುವೆ ಜಾಹೀರಾತು. ತೋರಣಗಲ್ಲಿಗೆ ಕೆಲಸಕ್ಕೆ ಹೋಗುವಾಗ ಕುಡತಿನಿ ಹತ್ತಿರ ನೆಟ್‌ವರ್ಕ್ ಕೈಕೊಡುತ್ತದೆ. ಡೌನ್‌ಲೋಡ್ ಬೇಕಂದ್ರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಇಡೀ ವರ್ಷ ನಾನು ಕೇಳುವುದು ಆರೇಳು ಆಲ್ಬಮ್, ಅಷ್ಟಕ್ಕೆ ಅದು ಜಾಸ್ತಿ ಅಲ್ವಾ?

ಎಲ್‌ಪಿಯನ್ನು ಗೆಳೆಯನ ಮನೆಯಲ್ಲಿ ಕೇಳಿದ್ದೇನೆ. ಚೆಂದ ಇದೆ, ಆದರೆ ನಮ್ಮೂರ ಧೂಳಿಗೂ ನನ್ನ ಸಂಬಳಕ್ಕೂ ಆಗದು.

ಕೊನೆಗೆ ಅಪ್ಪನ ಹಳೆ ಸಿಡಿ ಪ್ಲೇಯರ್ ಕೆಳಗಿಳಿಸಿ 400 ರೂಪಾಯಿಗೆ ರಿಪೇರಿ ಮಾಡಿಸಿದೆ. ಈಗ ಕಿರುಚಾಟ ನೇರ ಹಾಡಿಗೇ ಬಂದು ಬೀಳುತ್ತದೆ. ಸುಮಾರು 43 ನಿಮಿಷ, ಎಲ್ಲೂ ಕಟ್ ಇಲ್ಲ. ಸ್ಪೀಕರ್ ಅವ್ವನಿಗೆ ಕೊಟ್ಟೆ. ಬೆಳಗ್ಗೆ ತತ್ವಪದ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಾಳೆ.