‘ಜೀಪ್ ಹಿಂದೆಯೇ ಇದೆ ಸರ್’: ಸೈಕಲ್ ಪ್ರವಾಸಕ್ಕೆ ಹಣ ಕಟ್ಟುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವನು. ಹುಟ್ಟಿದ್ದು, ಶಾಲೆಗೆ ಹೋದದ್ದು, ಈಗ ಅಡಿಕೆ ಸುಲಿಸುವುದು ಎಲ್ಲವೂ ಇಲ್ಲೇ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಎಷ್ಟು ಸಲ ಸುಳ್ಯಕ್ಕೆ ಹೋಗಿದ್ದೇನೋ ಲೆಕ್ಕವಿಲ್ಲ. ಅದೇ ರಸ್ತೆಯನ್ನು ನನಗೆ ತೋರಿಸಿಕೊಡುತ್ತೇವೆ ಎಂದು ಸೈಕಲ್ ಪ್ರವಾಸ ನಡೆಸುವವರು ತಲೆಗೆ 6,500 ರೂಪಾಯಿ ಕೇಳಿದರು, ನಾನು ಕೊಟ್ಟೆ. ನನ್ನ ತಲೆಗೆ ಮಾತ್ರವಲ್ಲ, ಪುತ್ತೂರಿನಿಂದ ಭಾವನನ್ನೂ ಕರೆಸಿಕೊಂಡು ಅವನ ತಲೆಗೂ ಸೇರಿಸಿ 13,000 ಕೊಟ್ಟೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಓದಿ.

ಆಸೆಯೇ ಕಾರಣ. ನನ್ನ ಬಳಿ ಇರುವುದು ಹಳೆಯ, ದಪ್ಪ ಟೈರಿನ ಸೈಕಲ್. ಭಾನುವಾರ ಬೆಳಿಗ್ಗೆ ಬದಿಯಡ್ಕ ದಾಟಿ ಪೆರ್ಲದವರೆಗೆ ತುಳಿದು ಬರುತ್ತೇನೆ. ಮಂಗಳೂರಿನ ಕಡೆಯ ಸವಾರರು ಬಾಗಿದ ಹ್ಯಾಂಡಲ್ಲಿನ, ಬೆರಳು ದಪ್ಪದ ಟೈರಿನ ರೋಡ್ ಸೈಕಲ್‌ಗಳಲ್ಲಿ ಸುಯ್ಯೆಂದು ದಾಟಿ ಹೋಗುವಾಗ, ಒಮ್ಮೆಯಾದರೂ ಅಂಥದ್ದರ ಮೇಲೆ ಕೂರಬೇಕು ಎನ್ನಿಸುತ್ತಿತ್ತು. ಅಷ್ಟರಲ್ಲಿ ಮೊಬೈಲಿಗೆ ಈ ಜಾಹೀರಾತು ಬಂತು: ಎರಡು ದಿನ, 120 ಕಿ.ಮೀ., ಚಂದ್ರಗಿರಿ ಕಣಿವೆ, ಕಾಡಿನ ದಾರಿ, ಹೊಳೆಬದಿಯ ಮನೆಯಲ್ಲಿ ರಾತ್ರಿ, ರೋಡ್ ಸೈಕಲ್ ನಮ್ಮದೇ, ಅನುಭವಿ ಮಾರ್ಗದರ್ಶಿ, ಹಿಂದೆಯೇ ಜೀಪ್. (ಚಂದ್ರಗಿರಿ ಎಂದರೆ ಬೇರೇನಲ್ಲ, ಸುಳ್ಯದವರು ಪಯಸ್ವಿನಿ ಎನ್ನುವ ಹೊಳೆಯೇ ಕಾಸರಗೋಡು ಪೇಟೆಯ ಪಕ್ಕದಲ್ಲಿ ಕಡಲು ಸೇರುವಾಗ ಚಂದ್ರಗಿರಿ.) ನಾನು ಫೋನ್ ಮಾಡಿದೆ. ಮಾತಾಡಿದವರ ದನಿ ಬೆಣ್ಣೆ. ನಾನು ಪೆದ್ದನಂತೆ, ಸ್ವಲ್ಪ ಜಂಬದಿಂದಲೇ, ‘ನಾನು ಇದೇ ಊರಿನವನು, ಈ ದಾರಿ ಎಲ್ಲ ಗೊತ್ತು’ ಎಂದೆ. ಆ ಒಂದು ಮಾತು ನೆನಪಿಟ್ಟುಕೊಳ್ಳಿ.

ಡಿಸೆಂಬರಿನ ಬೆಳಿಗ್ಗೆ ಆರೂಕಾಲಕ್ಕೆ ಚೆರ್ಕಳದಲ್ಲಿ ಸೈಕಲ್‌ಗಳನ್ನು ಇಳಿಸಿದರು. ನನ್ನ ಎತ್ತರ ಐದಡಿ ಹತ್ತಿಂಚು ಎಂದು ಬರೆದು ಕಳಿಸಿದ್ದೆ. ‘ನಿಮಗೆ 56ರ ಫ್ರೇಮ್ ತೆಗೆದಿಟ್ಟಿದ್ದೇವೆ ಸರ್’ ಎಂದು ಉತ್ತರವೂ ಬಂದಿತ್ತು. ಬಂದದ್ದು 49, ಏಳು ಸೆಂಟಿಮೀಟರ್ ಸಣ್ಣದು. ಸೀಟಿನ ಕೆಳಗಿನ ಕೊಳವೆಯ ಮೇಲೆ ಚೀಟಿ ಅಂಟಿಸಿಕೊಂಡೇ ಇತ್ತು, ಒರಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ನನ್ನ ಕಾಲಿಗೆ ಸರಿಹೊಂದಿಸಲು ಸೀಟಿನ ಕಂಬವನ್ನು ಎಷ್ಟು ಮೇಲೆಳೆದರೆಂದರೆ, ‘ಇದಕ್ಕಿಂತ ಮೇಲೆ ಎಳೆಯಬಾರದು’ ಎಂದು ಕಂಬದ ಮೇಲೆ ಕೊರೆದ ಗೆರೆ ಎರಡು ಬೆರಳು ಹೊರಗೆ ಬಂದು ನಿಂತಿತು. ಕೇಳಿದೆ. ‘ಅದು ಕಂಪನಿಯವರು ಸುಮ್ಮನೆ ಹಾಕುವ ಗೆರೆ ಸರ್’ ಎಂದರು. ಸೈಕಲ್ ಬಲ್ಲವರು ಇಲ್ಲಿಗೇ ಎದ್ದು ಮನೆಗೆ ಹೋಗುತ್ತಿದ್ದರು. ನಾನು ಹೋಗಲಿಲ್ಲ. ಭಾವ ಹಿಂದಿನ ರಾತ್ರಿಯೇ ಬಂದು ಹೊಸ ಕೈಗವಸು ಹಾಕಿಕೊಂಡು ನಿಂತಿದ್ದ, ಅವನೆದುರು ನನ್ನ ಏರ್ಪಾಟು ಹಳಸಿದೆ ಎಂದು ಹೇಗೆ ಹೇಳುವುದು? ಉಳಿದ ಅರ್ಧ ಹಣವನ್ನು ಅಲ್ಲೇ ಮೊಬೈಲಿನಲ್ಲಿ ಕಳಿಸಿದೆ. ಹಣ ಹೋದದ್ದು ಯಾವುದೋ ವ್ಯಕ್ತಿಯ ಹೆಸರಿಗೆ, ಸಂಸ್ಥೆಯ ಹೆಸರಿಗಲ್ಲ. ಬಿಲ್ಲು ಇಲ್ಲ. ಕೇಳಲೂ ಇಲ್ಲ. ನಮ್ಮಿಬ್ಬರನ್ನೂ ನಿಲ್ಲಿಸಿ ಒಂದು ಫೋಟೊ ತೆಗೆದುಕೊಂಡರು. ಜೀಪ್ ಎಲ್ಲಿ ಎಂದರೆ, ‘ಡೀಸೆಲ್ ಹಾಕಿಸಲು ಹೋಗಿದೆ, ಹಿಂದೆಯೇ ಬರುತ್ತದೆ ಸರ್.’

ನಿಜ ಹೇಳಬೇಕಲ್ಲ, ಮೊದಲ ಒಂದು ಗಂಟೆ ಚೆನ್ನಾಗಿತ್ತು. ಬೋವಿಕ್ಕಾನದ ಬಳಿ ಮಂಜು ಇನ್ನೂ ಎದ್ದಿರಲಿಲ್ಲ, ಮನೆಯಂಗಳಗಳಲ್ಲಿ ಹರಡಿದ ಅಡಿಕೆಯ ವಾಸನೆ ರಸ್ತೆಗೇ ಬರುತ್ತಿತ್ತು. ನಮ್ಮ ಕಡೆ ಒಂದು ಕಿ.ಮೀ. ಸಮತಟ್ಟು ಸಿಕ್ಕರೆ ಅದು ಹರಕೆಯ ಫಲ. ಮುರಕಲ್ಲಿನ ಗುಡ್ಡ ಹತ್ತು, ತೋಟದ ತಗ್ಗಿಗೆ ಇಳಿ, ಮತ್ತೆ ಹತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ತಗಡು ಕೆರೆದಂತೆ ಸದ್ದು. ಬ್ರೇಕಿನ ರಬ್ಬರ್ ಸವೆದು ಒಳಗಿನ ಲೋಹವೇ ಚಕ್ರದ ಅಂಚನ್ನು ಕೆರೆಯುತ್ತಿತ್ತು. ಭಾವ ಹಿಂದಿನಿಂದ ‘ನಿನ್ನ ಸೈಕಲ್ ಯಾಕೆ ಅಳುತ್ತಿದೆ?’ ಎಂದು ಕೇಳಿದ.

ಮುಳ್ಳೇರಿಯ ತಲುಪಿದೆವು. ನಾನು ಮೋಸ ಹೋದೆನೆಂದು ನನಗೆ ತಿಳಿದದ್ದು ಅಲ್ಲಿ, ಪೇಟೆಯ ನಡುವೆ, ಚಹಾದಂಗಡಿಯ ಎದುರು. ‘ಅನುಭವಿ ಮಾರ್ಗದರ್ಶಿ’ ಎಂದು ನಮ್ಮೊಡನೆ ಬಂದಿದ್ದ ಹುಡುಗ ಕಾಲೂರಿ ನಿಂತು, ಮೊಬೈಲ್ ನೋಡಿ, ನನ್ನ ಮುಖ ನೋಡಿ ಕೇಳಿದ: ‘ಸರ್, ಇಲ್ಲಿ ಬಲಕ್ಕೋ, ನೇರವೋ?’

ನಾನು ತಮಾಷೆ ಎಂದುಕೊಂಡೆ. ಇವನು ನನ್ನ ಜ್ಞಾನ ಪರೀಕ್ಷಿಸುತ್ತಿದ್ದಾನೆ ಎಂದುಕೊಂಡೆ. ‘ನಿನಗೆ ಗೊತ್ತಿಲ್ಲವೇ?’ ಎಂದೆ. ‘ನಾನು ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ್ದು ಸರ್. ನೀವು ಈ ಊರಿನವರು, ದಾರಿ ನಿಮಗೆ ಗೊತ್ತಿದೆ, ನಿಮ್ಮ ಹಿಂದೆ ಹೋದರೆ ಸಾಕು ಎಂದು ಅವರು ಹೇಳಿದರು.’

ಅರ್ಥವಾಯಿತೇ? ನಾನು ಜಂಬದಿಂದ ಆಡಿದ ಮಾತನ್ನೇ ಹಿಡಿದು, ದಾರಿ ಬಲ್ಲವನನ್ನು ಬೇರೆ ತಂಡಕ್ಕೆ ಕಳಿಸಿ, ನನ್ನ ಊರಿನ ದಾರಿಯನ್ನು ನನ್ನಿಂದಲೇ ತೋರಿಸಿಕೊಂಡು, ಅದಕ್ಕೆ ನನ್ನಿಂದಲೇ 13,000 ತೆಗೆದುಕೊಂಡರು. ಭಾವ ಚಹಾ ಲೋಟ ಕೆಳಗಿಟ್ಟು ಶಾಂತವಾಗಿ ಕೇಳಿದ, ‘ಹಾಗಾದರೆ ನಿನಗೆ ಸಂಬಳ ಎಷ್ಟಂತೆ?’ ಈ ಮಾತು ಈಗ ಪುತ್ತೂರಿನಿಂದ ಸುಳ್ಯದವರೆಗಿನ ನೆಂಟರ ಮನೆಗಳಲ್ಲಿ ಓಡಾಡುತ್ತಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವನಿಗೆ ತಿಂಡಿಗೂ ಹಣ ಕೊಟ್ಟಿರಲಿಲ್ಲ. ಅವನ ದೋಸೆಯ ಹಣವನ್ನೂ ನಾನೇ ಕೊಟ್ಟೆ. ಅದನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ.

ಆಗಲಾದರೂ ಹಿಂದಿರುಗಬಹುದಿತ್ತು. ಇಲ್ಲ, ಮುಂದೆ ಹೋದೆವು. ಆದೂರು ದಾಟಿ, ಕೊಟ್ಯಾಡಿ ದಾಟಿ, ಪಂಜಿಕಲ್ಲಿನ ಕಡೆಗೆ ಕಾಡಿನ ದಾರಿಯಲ್ಲಿ ಇಳಿಯುವಾಗ ನನ್ನ ಹಿಂದಿನ ಚಕ್ರ ಪಟಾಕಿಯಂತೆ ಸಿಡಿಯಿತು. ಬೀಳಲಿಲ್ಲ, ಅಷ್ಟು ಪುಣ್ಯ. ಟೈರಿನ ಪಕ್ಕ ಉಗುರಿನಷ್ಟು ಉದ್ದ ಹರಿದು, ಒಳಗಿನ ನೂಲು ಹಳೆಯ ಗೋಣಿಯಂತೆ ಎದ್ದಿತ್ತು. ಹೊಸದಾಗಿ ತಗುಲಿದ ಗಾಯವಲ್ಲ ಅದು. ಸುತ್ತಲೂ ಬಿಸಿಲಿಗೆ ಒಣಗಿ ಬಿರುಕುಬಿಟ್ಟ ರಬ್ಬರ್.

ಹುಡುಗ ಚೀಲ ಬಿಚ್ಚಿದ. ಒಂದು ಟ್ಯೂಬ್ ಇತ್ತು. ತೆಗೆದು ಚಕ್ರಕ್ಕೆ ಹಿಡಿದು ನೋಡಿದರೆ ಸಣ್ಣದು. ರೋಡ್ ಸೈಕಲ್ಲಿನದು 700ರ (ಮಿಲಿಮೀಟರ್ ಲೆಕ್ಕ) ದೊಡ್ಡ ಚಕ್ರ, ಅವರು ಕಳಿಸಿದ್ದು 26 ಇಂಚಿನ, ದಪ್ಪ ಟೈರಿನ ಸೈಕಲ್ಲಿನ ಟ್ಯೂಬ್. ಪಂಪ್ ಇತ್ತು. ಅದು ಮೋಟಾರ್ ಬೈಕಿನ ದಪ್ಪ ಕೊರಳಿನ ವಾಲ್ವಿಗೆ ಕೂರುವಂಥದ್ದು, ನಮ್ಮದು ಪೆನ್ಸಿಲಿನಂತೆ ಸಪೂರದ ಪ್ರೆಸ್ಟಾ ವಾಲ್ವ್. ನಡುವೆ ಹಾಕುವ ಹಿತ್ತಾಳೆಯ ಸಣ್ಣ ತಿರುಪು, ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವಂಥದ್ದು, ಅದಿಲ್ಲ. ತೇಪೆಯೂ ಇಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ನಾನು ಹಿಂದೆ ಚೈನ್ ಸುತ್ತುವ ಹಲ್ಲುಚಕ್ರಗಳಲ್ಲಿ ದೊಡ್ಡದರ ಹಲ್ಲು ಎಣಿಸಿದೆ. ಗುಡ್ಡ ಹತ್ತಲು ಸುಲಭವಾಗುವಂತೆ 32 ಹಲ್ಲಿನದು ಹಾಕಿದ್ದೇವೆ ಎಂದಿದ್ದರು. 25. ಎರಡು ಸಲ ಎಣಿಸಿದೆ, 25ಏ. ನನ್ನ ಮೊಣಕಾಲು ಯಾಕೆ ಅಷ್ಟು ನೋಯುತ್ತಿತ್ತೆಂದು ಆಗ ತಿಳಿಯಿತು.

ಫೋನಿಗೆ ಸಿಗ್ನಲ್ ಬೇಕೆಂದರೆ ತಿರುವಿನವರೆಗೆ ಹತ್ತಿ ಹೋಗಬೇಕು. 8.40ಕ್ಕೆ: ‘ಜೀಪ್ ಹಿಂದೆಯೇ ಇದೆ ಸರ್, ಹತ್ತು ನಿಮಿಷ.’ 9.20ಕ್ಕೆ: ‘ಹಿಂದೆಯೇ ಇದೆ ಸರ್, ಹತ್ತೇ ನಿಮಿಷ.’ 10.05ಕ್ಕೆ ಸಿಟ್ಟಿನಿಂದ ಚಾಲಕನ ನಂಬರ್ ಕೇಳಿ ನೇರವಾಗಿ ಅವರಿಗೇ ಕರೆ ಮಾಡಿದೆ. ಆ ಮನುಷ್ಯ ಮುಗ್ಧವಾಗಿ ಹೇಳಿದರು, ‘ನಾನು ಬೇಕಲದಲ್ಲಿದ್ದೇನಲ್ಲ, ಬೇರೆ ತಂಡದ ಜೊತೆ. ನಿಮ್ಮ ವಿಷಯ ನನಗೆ ಯಾರೂ ಹೇಳಿಲ್ಲ.’ ಬೇಕಲ ಕೋಟೆ ಕಡಲ ದಂಡೆಯಲ್ಲಿದೆ. ನಾವಿದ್ದದ್ದು ಕಾಡಿನಲ್ಲಿ. ದೇಲಂಪಾಡಿ, ಕಾರಡ್ಕದ ಕಡೆ ತೋಟಗಳಿಗೆ ಆನೆ ಇಳಿಯುವುದು ನಮಗೇನೂ ಹೊಸ ಸುದ್ದಿಯಲ್ಲ. ಹಗಲು ಹೊತ್ತು ಎಂದು ಸಮಾಧಾನ ಮಾಡಿಕೊಂಡೆವು. ಇದೇ ಸಂಜೆ ಆಗಿದ್ದರೆ?

ಕೊನೆಗೆ ಸುಳ್ಯ ಕಡೆಯಿಂದ ರಬ್ಬರ್ ಶೀಟ್ ಹೇರಿಕೊಂಡು ಬಂದ ಪಿಕಪ್ ನಿಲ್ಲಿಸಿತು. ಮೂರು ಸೈಕಲ್, ಮೂವರು ಜನ, ಆ ಹುಳಿ ನಾತದ ಶೀಟುಗಳ ಮೇಲೆ ಕೂತು ಚೆರ್ಕಳಕ್ಕೆ ಮರಳಿದೆವು. ಚಾಲಕ ಹಣ ಮುಟ್ಟಲಿಲ್ಲ.

ಸಂಜೆ ಹಣ ವಾಪಸ್ ಕೇಳಿದೆ. ಬಂದ ಉತ್ತರಗಳನ್ನು ಬಂದ ಕ್ರಮದಲ್ಲೇ ಕೊಡುತ್ತೇನೆ. ಮೊದಲು: ‘ಪಂಕ್ಚರ್ ಆಗುವುದು ಸೈಕಲ್ಲಿನ ಗುಣ ಸರ್, ಅದು ನಮ್ಮ ತಪ್ಪಲ್ಲ.’ ಆಮೇಲೆ: ‘ನೀವು ಅರ್ಧಕ್ಕೆ ಬಿಟ್ಟು ಹೋದದ್ದರಿಂದ ನಿಯಮದ ಪ್ರಕಾರ ಹಣ ಬರುವುದಿಲ್ಲ.’ ಬಿಟ್ಟು ಹೋದದ್ದು! ಯಾವ ನಿಯಮ, ತೋರಿಸಿ ಎಂದೆ. ಕೈಮುಗಿದ ಚಿತ್ರ ಬಂತು. ಜೀಪ್ ಬಗ್ಗೆ ಕೇಳಿದೆ. ‘ಹಿಂದೆ ಬರುತ್ತದೆ ಎಂದಿದ್ದೆವು ಸರ್, ಎಷ್ಟು ಹಿಂದೆ ಎಂದು ಹೇಳಿರಲಿಲ್ಲ.’ ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಫೋನಿನಲ್ಲಿ ಇದೆ, ಭಾವನಿಗೂ ಓದಿಸಿದ್ದೇನೆ. ಮರುದಿನ ಬೆಳಿಗ್ಗೆ ಎಲ್ಲಕ್ಕೂ ಕಲಶವಿಟ್ಟಂತೆ: ‘ಟೈರ್ ಹರಿದಿದ್ದೀರಿ, 1,800 ರೂಪಾಯಿ ಕಳಿಸಿ.’ ನಾನು ಕೂಗಾಡಿದ ಮೇಲೆ ಅದನ್ನು ಬಿಟ್ಟು, ಮುಂದಿನ ಪ್ರವಾಸಕ್ಕೆ ನೂರಕ್ಕೆ ಇಪ್ಪತ್ತು ರಿಯಾಯಿತಿ ಕೊಡುತ್ತೇವೆ ಎಂದರು. ಮುಂದಿನ ಪ್ರವಾಸವಂತೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಇದೆಯೇ ಎಂದು ಮೊದಲೇ ಕೇಳಿದರು. ನನ್ನ ಬಳಿ ಇರುವುದು ಹಣ ಹೋದ ಸಂದೇಶ ಮತ್ತು ಈ ಮಾತುಕತೆ ಮಾತ್ರ. ಆದ್ದರಿಂದ ಬಿಲ್ ಇಲ್ಲದೆ ಕಾಸು ಬಿಚ್ಚಬೇಡಿ. ಜೀಪ್ ಕಣ್ಣಿಗೆ ಕಾಣುವವರೆಗೆ ಉಳಿದ ಹಣ ಕಳಿಸಬೇಡಿ. ಟೈರಿನ ಪಕ್ಕವನ್ನು ಬೆರಳಿನಿಂದ ಒತ್ತಿ ನೋಡಿ, ಪಂಪನ್ನು ವಾಲ್ವಿಗೆ ಹಾಕಿಸಿ ತೋರಿಸಿ ಎನ್ನಿ, ನಾಚಿಕೆ ಪಟ್ಟುಕೊಳ್ಳಬೇಡಿ, ಆ ನಾಚಿಕೆಗೆ ನಾನು 13,000 ಕೊಟ್ಟಿದ್ದೇನೆ. ಮತ್ತೆ ದಯವಿಟ್ಟು, ‘ನಾನು ಈ ಊರಿನವನೇ’ ಎಂದು ಯಾರಿಗೂ ಹೇಳಬೇಡಿ.

ಇನ್ನೊಂದಿದೆ. ಚೆರ್ಕಳದಲ್ಲಿ ಆ ದಿನ ಬೆಳಿಗ್ಗೆ ತೆಗೆದ ಫೋಟೊ ಈಗ ಅವರ ಹೊಸ ಜಾಹೀರಾತಿನಲ್ಲಿದೆ, ಕೆಳಗೆ ‘ನಮ್ಮ ಸಂತೃಪ್ತ ಸವಾರರು’ ಎಂದು ಬರೆದಿದ್ದಾರೆ. ತೆಗೆಯಿರಿ ಎಂದು ನಾಲ್ಕು ಸಲ ಬರೆದೆ, ಓದಿದ ಗುರುತು ಬೀಳುತ್ತದೆ, ಉತ್ತರವಿಲ್ಲ. ನಿಮ್ಮ ಮೊಬೈಲಿಗೂ ಅದು ಬರಬಹುದು. ಎಡಗಡೆ ಹೊಸ ಕೈಗವಸು ತೋರಿಸುತ್ತಾ ನಿಂತವನು ಭಾವ. ಬಲಗಡೆ, ಪುಟ್ಟ ಸೈಕಲ್ ಹಿಡಿದು ಹಲ್ಲು ಕಿರಿಯುತ್ತಿರುವವನು ನಾನು.