ಉಪಕೇಂದ್ರದಲ್ಲಿ ಹಾಕಿಸಿದ ರೋಟಾ ಲಸಿಕೆ: ನನ್ನ ಅಭಿಪ್ರಾಯ

ಹೊಸನಗರದ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನನ್ನ ಮಗಳಿಗೆ, ಎಳೆ ಮಕ್ಕಳಿಗೆ ಜೋರು ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆಯ ಮೂರೂ ಡೋಸ್ ಮುಗಿಯಿತು. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಕೊಡುತ್ತಾರೆ. ಇದು ಚುಚ್ಚುವುದಲ್ಲ, ಬಾಯಿಗೆ ಹಾಕುವುದು. ಒಂದು ಪೈಸೆ ತಗೊಳ್ಳುವುದಿಲ್ಲ. ಹಾಕಿಸಿ, ಖಂಡಿತ ಹಾಕಿಸಿ.

ನಮ್ಮ ಕಡೆ ಹಿರಿಯರು ಕೇಳುವುದು ಒಂದೇ ಮಾತು, ಬಾವಿ ನೀರು ಕಾಯಿಸಿ ಆರಿಸಿ ಕೊಟ್ಟರೆ ಸಾಕಲ್ವಾ, ಇದೆಲ್ಲ ಯಾಕೆ ಅಂತ. ನೀರು ಕಾಯಿಸಬೇಕು, ಕೈ ತೊಳೆಯಬೇಕು, ಸರಿ. ಆದರೆ ರೋಟಾ ತುಂಬಾ ಚೊಕ್ಕಟವಾಗಿರುವ ಮನೆಗೂ ಬರುತ್ತದೆ. ಮಳೆಗಾಲದ ಭೇದಿ ಅಂತ ನಾವು ಅಂದುಕೊಂಡರೂ ನಮ್ಮ ದೇಶದಲ್ಲಿ ಇದರ ಕಾಟ ಜಾಸ್ತಿ ಚಳಿಗಾಲದಲ್ಲೇ. ವಾಂತಿ, ಭೇದಿ, ಜ್ವರ ಒಟ್ಟಿಗೇ ಹಿಡಿದು ಎಳೆ ಮಗು ಬೇಗ ಬಾಡಿಹೋಗುತ್ತದೆ. ಕಾಡೊಳಗಿನ ಒಂಟಿಮನೆಯಿಂದ ರಾತ್ರಿ ಹೊತ್ತು ಜೀಪು ಹುಡುಕಿ, ಘಟ್ಟದ ರಸ್ತೆಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟುವುದು ಎಷ್ಟು ಹೊತ್ತಿನ ಕೆಲಸ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಲಸಿಕೆ ಹಾಕಿಸಿದರೆ ಭೇದಿಯೇ ಬರುವುದಿಲ್ಲ ಅಂತಲ್ಲ. ದೆಹಲಿ, ಪುಣೆ, ವೆಲ್ಲೂರಿನ ಸುಮಾರು 6,800 ಶಿಶುಗಳಲ್ಲಿ ರೋಟಾವ್ಯಾಕ್ ಅನ್ನುವ ನಮ್ಮ ದೇಶದ ರೋಟಾ ಲಸಿಕೆಯ ಪರೀಕ್ಷೆ ನಡೆದು 2014ರಲ್ಲಿ ಫಲಿತಾಂಶ ಬಂತು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಶೇ. 56ರಷ್ಟು ಕಡಿಮೆ ಮಾಡಿತ್ತು. ಅರ್ಧಕ್ಕೆ ಅರ್ಧವಾ ಅಂತ ಮೂಗು ಮುರಿಯಬೇಡಿ. ಡ್ರಿಪ್ ಹಾಕಿಸುವಷ್ಟು ಜೋರಾಗುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಕಷ್ಟದಿಂದ ತಪ್ಪಿಸಿಕೊಂಡರು ಅಂದರೆ ಅದು ಸಣ್ಣ ವಿಷಯವಲ್ಲ. ಯಾವ ಕಾರಣಕ್ಕೆ ಭೇದಿಯಾದರೂ ಓಆರ್‌ಎಸ್, ಜಿಂಕ್ ಬೇಕೇ ಬೇಕು, ಎದೆಹಾಲು ನಿಲ್ಲಿಸಬಾರದು.

ಸಿಸ್ಟರ್ ಪ್ರೀತಿಯಿಂದ ನೋಡಿಕೊಂಡರು, ತಾಯಿ ಕಾರ್ಡ್‌ನಲ್ಲಿ ಎಲ್ಲ ಬರೆದರು, ಆಶಾ ಅಕ್ಕ ಮನೆಗೇ ಬಂದು ನೆನಪು ಮಾಡಿದರು. ನನ್ನ ದೂರು ಒಂದೇ. ಏನಾದರೆ ಓಡಿ ಬರಬೇಕು ಅಂತ ಯಾರೂ ಹೇಳಲಿಲ್ಲ. ಜ್ವರ ಬಂದರೆ ಔಷಧಿ ಕೊಡಿ ಅಂದರು, ಅದು ಜೊತೆಗೆ ಹಾಕುವ, ಐದು ಕಾಯಿಲೆಗೆ ಒಂದೇ ಆದ ಪೆಂಟಾ ಚುಚ್ಚುಮದ್ದಿಗೆ ಹೇಳುವ ಮಾತು.

ರೋಟಾ ಲಸಿಕೆಗೆ ಹೇಳಬೇಕಾದ್ದು ಬೇರೆ. ಅಪರೂಪಕ್ಕೆ ಮಗುವಿನ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಲಸಿಕೆ ಇಲ್ಲದೆಯೂ ಆಗುವ ತೊಂದರೆ ಇದು. ಅಮೆರಿಕದಲ್ಲಿ 1998ರಲ್ಲಿ ಬಂದ ಹಳೆಯ ರೋಟಾ ಲಸಿಕೆಯಿಂದ ಇದು ಹೆಚ್ಚಾಯಿತು ಅಂತ ಮರುವರ್ಷವೇ ಅದನ್ನು ವಾಪಸ್ ತೆಗೆದರು. ಈ ಲಸಿಕೆ ಅಂದರೆ ಜನ ಹೆದರುವುದಕ್ಕೆ ಬೇರು ಅಲ್ಲಿದೆ. ಅಲ್ಲಿ ಈಗ ಬಳಸುವ ಲಸಿಕೆಗಳಲ್ಲೂ ಆ ಅಪಾಯ ತೀರಾ ಇಲ್ಲವೆಂದಲ್ಲ, ಬಹಳ ಕಡಿಮೆ. ನಮ್ಮ ರೋಟಾವ್ಯಾಕ್ ಬಗ್ಗೆ ಭಾರತದ ಆಸ್ಪತ್ರೆಗಳಲ್ಲೇ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದು ಕಾಣಲಿಲ್ಲ.

ಆದರೂ ಲಕ್ಷಣ ಗೊತ್ತಿರಲಿ. ಮಗು ಬಿಟ್ಟು ಬಿಟ್ಟು ಕಾಲು ಮಡಚಿಕೊಂಡು ಜೋರಾಗಿ ಅಳುವುದು, ಮತ್ತೆ ಮತ್ತೆ ವಾಂತಿ, ಹೊಟ್ಟೆ ಉಬ್ಬುವುದು, ಮಲದಲ್ಲಿ ರಕ್ತ. ಇದರಲ್ಲಿ ಏನು ಕಂಡರೂ ಬೆಳಗಾಗಲಿ ಅಂತ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ, ಲಸಿಕೆ ಹಾಕಿಸಿದ ದಿನ ಹೇಳಿ. ಮೊದಲೇ ಈ ಕರುಳಿನ ತೊಂದರೆ ಆಗಿದ್ದ ಮಗುವಿಗೆ, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಗುವಿಗೆ ಈ ಲಸಿಕೆ ಹಾಕಬಾರದು.

ಇಷ್ಟನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ತಾಯಿ ಕಾರ್ಡ್‌ಗೆ ಪಿನ್ ಮಾಡಿ ಕೊಡಿ ಅಂತ ಸಿಸ್ಟರ್ ಹತ್ತಿರ ಕೇಳಿದ್ದೇನೆ.